ಕೆಂಪು ಗೀಟಿನ ಪೆಟ್ಟಿಗೆ

ನಮ್ಮ ಮಿಸ್ತ್ರಿಯ ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು ಕೂತಿರುತ್ತಿತ್ತು. ಹುಕ್ಕೇರಿಯಿಂದ ಮೊದಲ ಬಸ್ಸಿಗೆ ಗೋಕಾಕಕ್ಕೆ ಬಂದು, ನನ್ನ ವರ್ಕ್‌ಶಾಪಿನಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೂರಿಸುವ ತಗಡಿನ ಪೆಟ್ಟಿಗೆ ಮಾಡುತ್ತಿದ್ದರು. ತಾವೇ ಮಾಡಿದ್ದನ್ನೂ ನಂಬುವ ಜಾತಿಯಲ್ಲ. ಪೆಟ್ಟಿಗೆಯೊಳಗೆ ಕರಿ ಬಟ್ಟೆ ಹಾಸಿ, ಬಾಗಿಲು ಬಿಗಿದು, ಪಕ್ಕದ ಹಿಟ್ಟಿನ ಗಿರಣಿಯಲ್ಲಿ ದಿನವಿಡೀ ತೂಗುಹಾಕುವರು. ಆಮೇಲೆ ಪೈಪು ಹಿಡಿದು ಸುತ್ತಲೂ ನೀರು ಹೊಡೆಯುವರು. ಬಟ್ಟೆ ಬೆಳ್ಳಗಾದರೆ, ಇಲ್ಲವೇ ತೇವವಾದರೆ, ಬಾಗಿಲಿಗೆ ಕೆಂಪು ಸೀಮೆಸುಣ್ಣದ ಗೀಟು. ಆ ಪೆಟ್ಟಿಗೆ ಹೊರಗೆ ಹೋಗಕೂಡದು.

ನನಗೆ ರೇಗುತ್ತಿತ್ತು. "ಐಪಿ ಐವತ್ತೈದು ಅಂತ ಸ್ಟಿಕ್ಕರ್ ಅದಾವಲ್ರಿ ಮಿಸ್ತ್ರಿ, ಹಚ್ಚಿದ್ರ ಮುಗೀತು."

"ಮೊದಲನೇ ಐದು ಧೂಳಿಗೆ, ಎರಡನೇದ್ದು ನೀರಿಗೆರಿ ಮಾಲಕ್ರ. ಆದ್ರ ನೀರಿಗೆ ಓದಾಕ ಬರೂದಿಲ್ಲ," ಎನ್ನುತ್ತಿದ್ದರು.

ಒಂದು ಮಳೆಗಾಲ, ಬೆಳಗಾವಿಯಿಂದ ಬಾಗಿಲಿನ ರಬ್ಬರ್ ಬರುವುದು ತಡವಾಯಿತು. ಮೂಡಲಗಿಯ ಅಂಗಡಿಯವನ ಟೆಂಪೋ ಬಂದು ನಿಂತಿತ್ತು, ಒಂದು ಪೆಟ್ಟಿಗೆ ಕಡಿಮೆ ಬಿತ್ತು. ಮಿಸ್ತ್ರಿ ಊಟಕ್ಕೆ ಹೋಗಿದ್ದರು. ಮೂಲೆಯಲ್ಲಿ ಗೀಟು ಬಿದ್ದದ್ದು ಒಂದಿತ್ತು. ಒರೆಸಿದೆ, ಸ್ಟಿಕ್ಕರ್ ಹಚ್ಚಿದೆ, ಟೆಂಪೋಗೆ ಏರಿಸಿದೆ.

ತಿಂಗಳೊಪ್ಪತ್ತಿನಲ್ಲಿ ಮೂಡಲಗಿ ಕಡೆಯ ರೈತನೊಬ್ಬ ಪಂಪು ಚಾಲೂ ಮಾಡಲು ಹೋಗಿ, ಆ ಪೆಟ್ಟಿಗೆಗೆ ಕೈ ಹಚ್ಚಿದವನು ಅಲ್ಲೇ ಸತ್ತ. ಒಳಗೆ ಬೊಗಸೆ ನೀರು ನಿಂತಿತ್ತಂತೆ.

ವಿಚಾರಣೆಗೆ ಬಂದ ಸಾಹೇಬರ ಎದುರು ಮಿಸ್ತ್ರಿ, "ಅದಕ್ಕ ನಾ ಗೀಟು ಹಾಕಿದ್ನಿರಿ," ಎಂದರು.

ಸಾಹೇಬರು ನನ್ನತ್ತ ತಿರುಗಿದರು. "ಯಾವ ಗೀಟೂ ನಾ ನೋಡಿಲ್ರಿ," ಎಂದೆ.

ಮಿಸ್ತ್ರಿ ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನನ್ನ ಮುಖ ನೋಡಿದರು, ತಮ್ಮ ಕೈ ನೋಡಿಕೊಂಡರು. ಆ ಮನುಷ್ಯ ನನ್ನನ್ನು ಬಿಟ್ಟು ತನ್ನನ್ನೇ ಅನುಮಾನಿಸಿದ. ತಪ್ಪು ಮಿಸ್ತ್ರಿಯದೆಂದಾಗಿ, ಅವರ ಎಲೆಕ್ಟ್ರಿಕ್ ಕೆಲಸದ ಪರವಾನಗಿ ಹೋಯಿತು. ಹುಕ್ಕೇರಿಯ ಗಿರಣಿಯೊಂದರಲ್ಲಿ ಜೋಳ ಬೀಸುವ ಕೆಲಸಕ್ಕೆ ನಿಂತರು. ನನ್ನ ವರ್ಕ್‌ಶಾಪು ಚೆನ್ನಾಗಿಯೇ ನಡೆಯಿತು, ಥೂ.

ಕೆಲವು ವರ್ಷಗಳ ಮೇಲೆ, ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಕೈ ಹಿಡಿದುಕೊಂಡು ಕೇಳಿದರು: "ಮಾಲಕ್ರ, ಖರೆ ಹೇಳ್ರಿ. ನಾ ಗೀಟು ಹಾಕಿದ್ನೋ, ಮರತಿದ್ನೋ? ಆ ಮನಷ್ಯಾನ ಜೀವ ನನ್ನ ತಲಿ ಮ್ಯಾಲ ಐತೇನ್ರಿ?"

ಹೊರಗೆ ಅವರ ಹೆಂಡತಿ ಇದ್ದರು, ನೆರೆಯವರಿದ್ದರು. "ನೆನಪಿಲ್ರಿ ಮಿಸ್ತ್ರಿ," ಎಂದೆ.

ಆ ವಾರದಲ್ಲೇ ತೀರಿಕೊಂಡರು.

ನನಗೆ ನೆನಪಿತ್ತು. ಗೀಟು ಎಷ್ಟು ಒತ್ತಿ ಎಳೆದಿದ್ದರೆಂದರೆ, ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಬೇಕಾಗಿತ್ತು.