ಇದ್ದಿಲಲ್ಲಿ ಅಪ್ಪನ ಮಗ್ಗ

ಚಿತ್ರ ಅಪ್ಪನ ಮೂಗಿನ ತುದಿಗೆ ಬರುವಷ್ಟರಲ್ಲಿ ಇದ್ದಿಲ ಕಡ್ಡಿ ಪಟ್ಟನೆ ಮುರಿಯಬಹುದಿತ್ತು. ನನಗೆ ಸೀನು ಬಂದು ಅರ್ಧ ಮಗ್ಗ ಹಾರಿಹೋಗಬಹುದಿತ್ತು. ಕೋಳಿ ಕಾಗದದ ಮೇಲೆ ನಡೆದಾಡಬಹುದಿತ್ತು. ಚಿತ್ರ ನೋಡಿದ ನೆಂಟರು ‘ಇದ್ಯಾರು, ಚಿಕ್ಕಪ್ಪನಾ?’ ಎನ್ನಬಹುದಿತ್ತು. ಐವತ್ತು ದಾಟಿದ ಮೇಲೂ ಹಾಲು ಉಕ್ಕೀತೆಂದು ಒಲೆಯ ಪಕ್ಕ ಕಾವಲು ನಿಲ್ಲುವವನು ನಾನು. ಇಪ್ಪತ್ತರಲ್ಲಿ ಎಷ್ಟು ಹೆದರಿದ್ದೆನೆಂದು ನೀವೇ ಊಹಿಸಿ.

ಎಂಬತ್ತರ ದಶಕದ ನಡುವೆ, ಅವಿನಾಶಿ ಎಂಬ ತಮಿಳು ಊರಿನ ಹತ್ತಿರದ ನಮ್ಮ ಮನೆಯಲ್ಲಿ, ನೆಲದಲ್ಲಿ ತೋಡಿದ ಗುಂಡಿಯ ಮೇಲಿದ್ದ ಗುಂಡಿಮಗ್ಗ ಕಿತ್ತು ಪವರ್‌ಲೂಮ್ ಕೂರಿಸುವುದೆಂದಾಯಿತು. ಬಡಗಿ ಮರುದಿನವೇ ಬರುವವನಿದ್ದ. ಅಪ್ಪ ಮಗ್ಗದಲ್ಲಿ ಕೂತದ್ದರ ಒಂದು ಫೋಟೋ ಕೂಡ ಇರಲಿಲ್ಲ. ನನ್ನ ಬಳಿ ಇದ್ದದ್ದು ಒಂದು ದಿನ, ಒಂದು ದೊಡ್ಡ ಹಾಳೆ, ಮತ್ತು ಹತ್ತಿಗಿಡದ ಕಡ್ಡಿಗಳನ್ನು ಡಬ್ಬಿಯಲ್ಲಿ ತುಂಬಿ, ಅದರ ಬಾಯಿಗೆ ಮಣ್ಣು ಮೆತ್ತಿ, ಅವ್ವನ ಒಲೆಯ ಕೆಂಡದಲ್ಲಿ ಹೂತು ಮಾಡಿಕೊಂಡ ಇದ್ದಿಲು.

“ಅಪ್ಪಾ, ಸ್ವಲ್ಪ ಅಲ್ಲಾಡ್ದೆ ಕೂತ್ಕೊಳ್ಳಿ.”

“ಸುಮ್ನೆ ಕೂರಕ್ಕೆ ಮಗ್ಗ ಯಾಕೋ? ತಿಣ್ಣೆ ಇಲ್ವಾ?” ಎಂದು ಅಪ್ಪ ನೇಯುತ್ತಲೇ ಇದ್ದರು.

ಅಪ್ಪನ ಕೈ ಜರುಗಿದಾಗಲೆಲ್ಲ ನಾನು ಬಟ್ಟೆಯಿಂದ ಒರೆಸಿ ಮತ್ತೆ ಬರೆದೆ. ಇದ್ದಿಲಿನ ಗುಣ ನಿಮಗೆ ಗೊತ್ತಲ್ಲ, ಒರೆಸಿದ್ದನ್ನೂ ಅದು ಪೂರ್ತಿ ಮರೆಯುವುದಿಲ್ಲ. ಸಂಜೆಯ ಹೊತ್ತಿಗೆ ಅಪ್ಪನಿಗೆ ಎರಡು ಕಪ್ಪು ಕೈ, ಹತ್ತು ಬೂದು ಕೈ.

“ಏನ್ ಕಣ್ಣು, ಅಪ್ಪನ್ನ ಹನ್ನೆರಡು ಕೈ ಮುರುಗನ್ ಮಾಡ್ಬುಟ್ಟಿಯಾ?” ಎಂದಳು ಅವ್ವ; ನಮ್ಮ ಕಡೆ ಮಕ್ಕಳನ್ನು ಮುದ್ದಿಗೆ ‘ಕಣ್ಣು’ ಎನ್ನುತ್ತಾರೆ. ಊದಿದರೆ ಎಲ್ಲ ಹಾರುತ್ತದೆಂದು ನಾನು ಗೋಳಾಡಿದಾಗ ದಾರಿ ತೋರಿಸಿದವಳೂ ಅವಳೇ: “ನೂಲಿಗೆ ಹಾಕೋ ಗಂಜಿ ಇದ್ಯಲ್ಲ!”

ಅಪ್ಪ ತೆಳು ಗಂಜಿಯನ್ನು ಬಾಯ್ತುಂಬ ತುಂಬಿಕೊಂಡು, ಚಿತ್ರದ ಮೇಲೆ ಬುಸ್ಸೆಂದು ಮಂಜಿನ ಹಾಗೆ ಊದಿದರು. ಒಂದು ಕಣವೂ ಅಲುಗಲಿಲ್ಲ. ಪರದೇಶದ ಚಿತ್ರಕಾರರು ಇದಕ್ಕೆ ಕೆನೆ ತೆಗೆದ ಹಾಲು ಬಳಸುತ್ತಿದ್ದರೆಂದು ಆಮೇಲೆಲ್ಲೋ ಓದಿದೆ. ಪಾಪ, ನಮ್ಮಪ್ಪನ ಬಾಯಿ ಅವರಿಗೆ ಸಿಕ್ಕಿರಲಿಲ್ಲ.

ಮರುದಿನ ಮಧ್ಯಾಹ್ನದೊಳಗೆ ಮಗ್ಗ ಹೋಯಿತು, ಗುಂಡಿಗೆ ಮಣ್ಣು ತುಂಬಿತು. ಅಪ್ಪ ಚಿತ್ರವನ್ನು ದೂರ ಹಿಡಿದು ಬಹಳ ಹೊತ್ತು ನೋಡಿದರು.

“ಎಲ್ಲಾ ಸರಿ ಕಣ್ಣು. ಕಾಲೆಲ್ಲಿ?”

“ಗುಂಡಿಯೊಳ್ಗೆ ಇತ್ತಲ್ಲಪ್ಪಾ. ಕಾಣ್ಲಿಲ್ಲ.”

“ಒಳ್ಗೆ ಹಲಗೆ ತುಳ್ದು ನೇಯ್ದಿದ್ದು ಅದುದಾನೋ. ಕೈ ಚುಮ್ಮಾ ಲಾಳಿ ಎಸೀತಿತ್ತು.”

ಹಾಗೆಂದು ಅಪ್ಪ ಆ ಹಸಿಮಣ್ಣಿನ ಮೇಲೇ ಕಾಲು ಚಾಚಿ ಕೂತರು. ಹಗಲು ಹೊತ್ತಿನಲ್ಲಿ ಆ ಕಾಲುಗಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಏನೇನೋ ಕೆಟ್ಟೀತೆಂದು ದಿನವಿಡೀ ಹೆದರಿದವನಿಗೆ, ಒಮ್ಮೆ ಬಗ್ಗಿ ಗುಂಡಿಯೊಳಗೆ ನೋಡಬೇಕೆಂದು ಮಾತ್ರ ಹೊಳೆದಿರಲಿಲ್ಲ.