ಭಾವನ ಕೈ ಕಂಡದ್ದು ಚಾಕಣದಲ್ಲಿ

ಧಾರವಾಡದಿಂದ ಹೊರಟಾಗ ನನ್ನ ಚೀಲದ ಅರ್ಧ ಜಾಗ ಭಾವನ ಬಲಭುಜದ್ದೇ. ಅಕ್ಕ ಹೇಳಿ ತರಿಸಿಕೊಂಡ ನೋವಿನ ಎಣ್ಣೆ ಎರಡು ಬಾಟಲಿ. ಪೇಢೆಗೆ ಜಾಗ ಉಳಿದದ್ದೇ ಪುಣ್ಯ. ಪುಣೆಯಲ್ಲಿ ರೈಲಿಳಿದು, ಎರಡು ಬಸ್ಸು ಬದಲಿಸಿ, ಅಕ್ಕ-ಭಾವ ಇರುವ ಚಾಕಣಕ್ಕೆ ನಿಂತೇ ಬಂದೆ. ಚೌಕದಲ್ಲಿ ಕಾಯುತ್ತಿದ್ದ ಭಾವ ನನ್ನ ಚೀಲವನ್ನು ಸಲೀಸಾಗಿ ಅದೇ ಭುಜಕ್ಕೆ ಏರಿಸಿದರು. ಗದರಿದೆ. ಈಗೀಗ ನೋವೇ ಇಲ್ಲವೆಂದರು.

ಮರುದಿನ ಖಂಡೇನವಮಿ. ಕಾರ್ಖಾನೆಯಲ್ಲಿ ಯಂತ್ರಪೂಜೆ, ಮನೆಯವರಿಗೂ ಪ್ರವೇಶ. ಭಾವ ಅಲ್ಲಿ ವರ್ಷಾನುಗಟ್ಟಲೆ ಬೈಕಿನ ಟ್ಯಾಂಕುಗಳಿಗೆ ಬಣ್ಣ ಹೊಡೆದವರು. ರೋಬೋಟ್ ಬಂದಾಗ ಅದರ ಮಣಿಕಟ್ಟು ಹಿಡಿದು ಕಲಿಸಿದವರೂ ಅವರೇ. ಅವರು ಆಡಿಸಿದಂತೆಯೇ ಅದು ಕೈ ಆಡಿಸುತ್ತದಂತೆ.

ಗಾಜಿನ ಕೋಣೆಯೊಳಗೆ ಕತ್ತಲೆ. ರೋಬೋಟಿಗೆ ಬೆಳಕು ಬೇಡವಂತೆ. ನಮಗಾಗಿ ದೀಪ ಹಾಕಿದರು. ಚೆಂಡುಹೂವಿನ ಮಾಲೆ ಹಾಕಿಕೊಂಡ ಆ ಕೈ ಮೆಲ್ಲಗೆ ಎದ್ದಿತು. ಅರ್ಧಕ್ಕೆ ಬಂದು ತಡೆಯಿತು, ತುಸು ಹೊರಳಿತು, ಆಮೇಲೆ ಮೇಲೇರಿತು. ಮನೆಯಲ್ಲಿ ಅಟ್ಟದ ಡಬ್ಬಿ ತೆಗೆಯುವಾಗ ಭಾವ ನೋವಿಗೆ ತಡೆಯುತ್ತಿದ್ದದ್ದು ಥೇಟ್ ಹೀಗೇ. ಅಕ್ಕ ನನ್ನ ಮುಂಗೈ ಹಿಡಿದಳು.

"ನೋಡs, ಅದಕ್ಕ ನೋಯಾಕತ್ತದ," ಅಂದಳು.

ಎಲ್ಲದಕ್ಕೂ ಚೇಷ್ಟೆ ಮಾಡುವ ನನಗೆ ನಗು ಬರಲಿಲ್ಲ. ಹೆದರಿಕೆಯಾಯಿತು.

ಅದು ತಡೆದಲ್ಲಿ ಬಣ್ಣ ದಪ್ಪವಾಗಿ ಇಳಿಯುತ್ತದೆ. ಆ ಒಂದು ಜಾಗ ಉಜ್ಜಿ ಸರಿಮಾಡುವುದಷ್ಟೇ ಈಗ ಭಾವನ ಕೆಲಸ. ಬೆಂಗಳೂರಿನ ಹುಡುಗಿ ಎಂಜಿನಿಯರ್ ಸಮಾಧಾನ ಹೇಳುವಂತೆ, "ಹಬ್ಬ ಆದ್ಮೇಲೆ ಆ ತಡೆಯೋದನ್ನೂ ತೆಗೆದುಬಿಡ್ತೀವಿ ಮೇಡಂ," ಅಂದಳು. ಆಗ ಭಾವ ಏನು ಮಾಡಬೇಕೆಂದು ಕೇಳಿದೆ. ಅದನ್ನು ಮೇಲಿನವರು ನೋಡುತ್ತಾರೆ ಎಂದು ಆರತಿ ತಟ್ಟೆಯ ಕಡೆ ತಿರುಗಿದಳು.

ಊಟಕ್ಕೆ ಕುಂದಾಪುರದವರ ಹೋಟೆಲಿಗೆ ಹೋದೆವು. ಸಾಂಬಾರು ನಮ್ಮ ನಾಲಿಗೆಗೆ ಸಿಹಿಯೇ. ಭಾವ ತಲೆಯೆತ್ತದೆ ಉಂಡು ಕೈ ತೊಳೆಯಲು ಎದ್ದರು.

"ಇಷ್ಟ ವರ್ಷ ಇವರ ನೋವು ಹೋಗ್ಲಿ ಅಂತ ಬೇಡ್ಕೊಂಡಾಕಿ ನಾನು," ಅಂದಳು ಅಕ್ಕ. "ಇವತ್ತ ಆರತಿ ಮುಂದ ನಿಂತು, ಅದರ ನೋವು ಹಂಗs ಇರ್ಲಿ ಅಂತ ಬೇಡ್ಕೊಂಡೆ."

ದಸರೆ ಮುಗಿಸಿ ಹೊರಟೆ. ಎಣ್ಣೆಯ ಬಾಟಲಿಗಳು ಮುಚ್ಚಳ ತೆರೆಯದೆ ಕಿಟಕಿಯಲ್ಲೇ ಇದ್ದವು. ಚೌಕದಲ್ಲಿ ಬಸ್ಸು ಹೊರಟಾಗ ತಿರುಗಿ ನೋಡಿದೆ. ಭಾವ ಕೈ ಎತ್ತಿದರು. ಅರ್ಧಕ್ಕೆ ತಡೆಯುವುದನ್ನೇ ಕಾದೆ. ತಡೆಯಲಿಲ್ಲ, ನೇರವಾಗಿ ಮೇಲೆ ಹೋಯಿತು. ಯಾರೋ ಬೇರೆಯವರು ನಿಂತಿದ್ದಾರೆ ಅನ್ನಿಸಿತು. ನಾನು ಕೈ ಬೀಸುವಷ್ಟರಲ್ಲಿ ಬಸ್ಸು ಹೊರಳಿತ್ತು.