ಕೂತವರ ಅಳತೆ

ನನ್ನ ಬೀರುವಿನಲ್ಲಿ ಹನ್ನೊಂದು ನೈಟಿಗಳಿವೆ. ಒಂದನ್ನೂ ನಾನು ಕೊಂಡಿಲ್ಲ, ಎಲ್ಲವೂ ಉಡುಗೊರೆ. ಕೊಟ್ಟವರೆಲ್ಲ ಒಳ್ಳೆಯ ಜನ. ಕೊಡುವಾಗ ಎಲ್ಲರೂ ಆಡಿದ ಮಾತೂ ಒಂದೇ: "ನಿನಗೆ ಅನುಕೂಲ ಆಗತ್ತೆ."

ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಎರಡೂ ಕಾಲುಗಳ ಶಕ್ತಿಯನ್ನು ತೆಗೆದುಕೊಂಡು ಹೋಯಿತು. ಆಮೇಲೆ ನಾನು ಕೂತೇ ಬೆಳೆದೆ, ಕೂತೇ ಓದಿದೆ, ಪರೀಕ್ಷೆ ಬರೆದು ಬ್ಯಾಂಕು ಸೇರಿದೆ. ಬ್ಯಾಂಕಿನಲ್ಲಿ ಎಲ್ಲರೂ ಕೂತೇ ಇರುತ್ತಾರಾದ್ದರಿಂದ ಅಲ್ಲಿ ನನ್ನದೇನೂ ವಿಶೇಷವೆನಿಸಲಿಲ್ಲ. ತುಮಕೂರಿನಲ್ಲಿ ಹಲವು ವರ್ಷ ಕೂತ ಮೇಲೆ ಬಡ್ತಿ ಕೊಟ್ಟು ವಿಜಯವಾಡಕ್ಕೆ ಹಾಕಿದರು. ಈಗ ನನಗೆ ನಲವತ್ತಾರು. ವೀಲ್‌ಚೇರು ನಾಲ್ಕನೆಯದು.

ಇಷ್ಟು ವರ್ಷ ಕೂತು ನಾನು ಕಂಡುಕೊಂಡ ಸತ್ಯ ಒಂದೇ. ನಮ್ಮಂಥವರಿಗೆ ಅನುಕೂಲ ಮಾಡಿಕೊಡಲು ಲೋಕ ತುದಿಗಾಲಲ್ಲಿ ನಿಂತಿದೆ. ಆದರೆ ನಾವು ಚೆನ್ನಾಗಿ ಕಾಣಬೇಕೆಂಬುದು ಮಾತ್ರ ಯಾರ ತಲೆಗೂ ಹೊಳೆಯುವುದಿಲ್ಲ. ಬಟ್ಟೆ ಅಂಗಡಿಗೆ ಹೋದರೆ ಕಂದು, ಬೂದು, ಕಡುನೀಲಿ ಬಣ್ಣದವನ್ನೇ ಹರಡುತ್ತಾರೆ. ಕೊಳೆ ಕಾಣುವುದಿಲ್ಲವಂತೆ. ಅಳತೆ ನನ್ನದಕ್ಕಿಂತ ಎರಡು ಪಟ್ಟು ಸಡಿಲ. ಅದೂ ಅನುಕೂಲಕ್ಕೇ. ಬೆಸೆಂಟ್ ರೋಡಿನ ಒಂದು ಅಂಗಡಿಯಲ್ಲಿ ಮಾರುವ ಹುಡುಗಿ ನನ್ನ ತಲೆಯ ಮೇಲಿಂದ ನೋಡಿ, ಹಿಂದೆ ನಿಂತಿದ್ದ ನನ್ನ ಸಹೋದ್ಯೋಗಿ ಪದ್ಮಜಾ ಅವರನ್ನು, "ಈವಿಡಕಿ ಏಂ ಕಾವಾಲಂಡಿ?" ಎಂದು ಕೇಳಿದಳು. ಇವರಿಗೆ ಏನು ಬೇಕು ಎಂದು. ಪದ್ಮಜಾ ಸೀರೆಯೊಂದನ್ನು ತಿರುವಿ ಹಾಕುತ್ತಲೇ, "ಆವಿಡನೇ ಅಡಗಂಡಿ, ಮಾಟ್ಲಾಡತಾರು" ಎಂದರು. ಅವರನ್ನೇ ಕೇಳಿ, ಮಾತಾಡುತ್ತಾರೆ ಎಂದು.

ಸಿದ್ಧ ಉಡುಪುಗಳ ಜೊತೆ ನನ್ನ ಸಂಬಂಧ ಮೊದಲಿಂದಲೂ ಅಷ್ಟಕ್ಕಷ್ಟೆ. ಉದ್ದ ಕುರ್ತಾ ತೊಡೆಯ ಮೇಲೆ ಮುದ್ದೆಯಾಗುತ್ತದೆ. ಉದ್ದ ತೋಳು ಚಕ್ರ ತಳ್ಳುತ್ತ ತಳ್ಳುತ್ತ ಮಧ್ಯಾಹ್ನದ ಹೊತ್ತಿಗೆ ಕಪ್ಪಾಗುತ್ತದೆ. ದುಪಟ್ಟಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಮ್ಮೆ ಅದು ಚಕ್ರಕ್ಕೆ ಸುತ್ತಿಕೊಂಡು ನನ್ನ ಕುತ್ತಿಗೆಯನ್ನು ಮೆಲ್ಲಗೆ ಕೆಳಕ್ಕೆಳೆಯಿತು. ಎದುರಿಗಿದ್ದ ಟ್ರಾಫಿಕ್ ಪೇದೆ ನಾನು ತಲೆಬಾಗಿ ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದು ತಾನೂ ಕೈ ಮುಗಿದ. ಬಿಡಿಸಲು ಬರಲಿಲ್ಲ.

ಕೆಲವು ತಿಂಗಳ ಹಿಂದೆ ಬ್ಯಾಂಕು, ವರ್ಷಕ್ಕೊಮ್ಮೆ ಎಲ್ಲರಿಗೂ ಮಾಡುವ ಹಾಗೆ, ನನ್ನನ್ನು ಹತ್ತು ದಿನದ ಕಡ್ಡಾಯ ರಜೆಯ ಮೇಲೆ ಕಳಿಸಿತು. ವಿಶಾಖಪಟ್ಟಣದಲ್ಲಿ ನನ್ನ ಶಾರದಕ್ಕ ಇದ್ದಾಳೆ. ಭಾವ ಅಲ್ಲಿ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಇಪ್ಪತ್ತೆಂಟು ವರ್ಷದಿಂದ ಟೌನ್‌ಶಿಪ್ ವಾಸ. ಬಂದು ಹೋಗೆಂದು ಅಕ್ಕ ಕರೆಯುತ್ತಲೇ ಇದ್ದಳು. ಸಮುದ್ರ ನೋಡಲು ಹೋಗುತ್ತೇನೆ, ಬೂದು ಬಣ್ಣದಲ್ಲಿ ಹೋಗುವುದಿಲ್ಲ ಎಂದು ಪದ್ಮಜಾರಿಗೆ ಹೇಳಿದೆ. ಅವರು ನನ್ನನ್ನು ಸತ್ಯನಾರಾಯಣಪುರಂನ ದುರ್ಗಾ ಎಂಬ ದರ್ಜಿಯ ಮನೆಗೆ ಕರೆದುಕೊಂಡು ಹೋದರು.

ದುರ್ಗಾ ಐವತ್ತರ ಹೆಂಗಸು. ಮಾತು ಕಡಿಮೆ, ಬಾಯಲ್ಲಿ ಗುಂಡುಸೂಜಿ ಹೆಚ್ಚು. ನಾನು ರೂಢಿಯಂತೆ ಹಳೆಯ ಪ್ಯಾಂಟೊಂದನ್ನು ಅಳತೆಗೆಂದು ಕೊಟ್ಟೆ. ಅವಳು ಅದನ್ನು ಒಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಅದನ್ನು ಮಡಿಸಿ ವಾಪಸು ಕೊಟ್ಟಳು.

"ಇದಿ ನಿಲಬಡೇವಾಳ್ಳ ಪ್ಯಾಂಟು ಮೇಡಂ," ಎಂದಳು. ಇದು ನಿಲ್ಲುವವರ ಪ್ಯಾಂಟು.

ಆಮೇಲೆ ಗುಂಡುಸೂಜಿಗಳನ್ನು ಬಾಯಿಂದ ತೆಗೆದಿಟ್ಟು, ನೆಲದ ಮೇಲೆ ಮಂಡಿಯೂರಿ, ನಾನು ಕೂತಿದ್ದ ಹಾಗೆಯೇ ಟೇಪು ಹಿಡಿದಳು. ಬೆನ್ನ ಹಿಂದೆ ಸೊಂಟದಿಂದ ಕುರ್ಚಿಯವರೆಗೆ, ಮುಂದೆ ಹೊಟ್ಟೆಯಿಂದ ತೊಡೆಯವರೆಗೆ, ಬಾಗಿದ ಮಂಡಿಯ ಮೇಲಿಂದ ಪಾದದವರೆಗೆ. ನಲವತ್ತಾರು ವರ್ಷದಲ್ಲಿ ನಾನಿರುವ ಹಾಗೆಯೇ ನನ್ನ ಅಳತೆ ತೆಗೆದವಳು ಅವಳೇ ಮೊದಲು.

ಪ್ಯಾಂಟಿನ ಪೂರ್ವೋತ್ತರ ನನಗೆ ಅಲ್ಪಸ್ವಲ್ಪ ಗೊತ್ತು. ಅದು ಹುಟ್ಟಿದ್ದು ಮಧ್ಯ ಏಷ್ಯಾದ ಕುದುರೆ ಸವಾರರಿಗಾಗಿ ಎಂದು ಓದಿದವರು ಹೇಳುತ್ತಾರೆ. ಎಂದರೆ ದಿನವಿಡೀ ಕೂತಿರುವವರಿಗಾಗಿ. ಅದನ್ನು ನಿಂತವರು ಯಾವಾಗ ಎತ್ತಿಕೊಂಡು ಹೋದರೋ ತಿಳಿಯದು. ನಮ್ಮ ಶಿಲ್ಪಿಗಳಿಗೂ ಈ ವಿದ್ಯೆ ಬರುತ್ತಿತ್ತು. ಪದ್ಮಾಸನ ಹಾಕಿದ ಲಕ್ಷ್ಮಿಯ ನಿರಿಗೆ ಕಲ್ಲಿನಲ್ಲಿಯೂ ಮುದ್ದೆಯಾಗಿಲ್ಲ, ನೋಡಿ. ಬಟ್ಟೆ ಅಂಗಡಿಯ ಬೊಂಬೆಗಳು ಬಂದ ಮೇಲೆ ಎಲ್ಲ ಕೆಟ್ಟಿತು. ಅವುಗಳಲ್ಲಿ ಒಂದಾದರೂ ಕೂತಿದ್ದನ್ನು ನಾನು ಕಂಡಿಲ್ಲ.

ಎರಡು ವಾರದಲ್ಲಿ ಪ್ಯಾಂಟು ಬಂತು. ಮಂಗಳಗಿರಿಯ ಹತ್ತಿಬಟ್ಟೆ, ಮಾಗಿದ ಮಾವಿನ ಬಣ್ಣ. ಹಿಂದೆ ಎತ್ತರ, ಮುಂದೆ ತಗ್ಗು. ಕಾಲು ತುಸು ಉದ್ದ, ಏಕೆಂದರೆ ಕೂತಾಗ ಪ್ಯಾಂಟು ಮೇಲೇರುತ್ತದೆ. ಹಿಂದೆ ಜೇಬಿಲ್ಲ, ಹೊಲಿಗೆಯ ಗಂಟೂ ಇಲ್ಲ. ಫೋನಿಗೆಂದು ತೊಡೆಯ ಪಕ್ಕ ಒಂದು ಜೇಬು. ಹಾಕಿಕೊಂಡು ಕನ್ನಡಿಯ ಮುಂದೆ ಬಂದೆ. ಬಹಳ ಹೊತ್ತು ಅಲ್ಲಿಯೇ ಇದ್ದೆ. ಈ ವಿಷಯವನ್ನು ಇಲ್ಲಿಗೇ ಬಿಡುವುದು ಒಳ್ಳೆಯದು. ಬ್ಯಾಂಕಿನವರಿಗೆ ಗಾಂಭೀರ್ಯ ಮುಖ್ಯ.

ಹಾಕಿ ನಡೆದವರಿಗೆ, ಕ್ಷಮಿಸಿ, ಹಾಕಿ ನಿಂತವರಿಗೆ ಆ ಪ್ಯಾಂಟಿನಿಂದ ಉಪಯೋಗವಿಲ್ಲ. ಹ್ಯಾಂಗರಿಗೆ ತೂಗುಹಾಕಿದರಂತೂ ಅದು ದರ್ಜಿ ಬೇರೆ ಯಾವುದೋ ಚಿಂತೆಯಲ್ಲಿದ್ದಾಗ ಹೊಲಿದ ಹಾಗೆ ಕಾಣುತ್ತದೆ. ಇದನ್ನು ನಾನು ಅಕ್ಕನಿಗೆ ಮೊದಲೇ ಹೇಳಬೇಕಿತ್ತು.

ರೈಲಿಗೆ ಹಳೆಯದನ್ನೇ ಹಾಕಿಕೊಂಡು ಹೋದೆ, ಹೊಸದು ಸಮುದ್ರಕ್ಕೆಂದು. ವಿಶಾಖಪಟ್ಟಣಕ್ಕೆ ಮೊದಲೇ ಸಿಗುವ ದುವ್ವಾಡ ಸ್ಟೇಷನ್ನಿನಲ್ಲಿ ಭಾವ ಬಂದು ಇಳಿಸಿಕೊಂಡರು. ಮನೆಗೆ ಬಂದ ಕೂಡಲೇ ಅಕ್ಕ ನನ್ನ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ತೂಗುಹಾಕಿದಳು. ನನ್ನನ್ನು ಕೇಳಿ ನನ್ನ ಪೆಟ್ಟಿಗೆ ಬಿಚ್ಚುವ ಅಭ್ಯಾಸ ಅವಳಿಗಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟವಳು, ಸಂಜೆ ಹೊತ್ತು ತಂದವಳು. ಮದುವೆಯಾಗಿ ಹೋಗುವ ದಿನ, ನಾಳೆಯಿಂದ ಪುಟ್ಟಿಯನ್ನು ಯಾರು ಎತ್ತಿಕೊಳ್ಳುತ್ತಾರೆ ಎಂದು ಮಂಟಪದಲ್ಲಿಯೇ ಅತ್ತಿದ್ದಳು. ಅಳು ಸಾಕೆನ್ನುವವರೆಗೂ ಭಾವ ತಾಳಿ ಹಿಡಿದುಕೊಂಡು ಕಾದರು. ಕಾಯುವುದು ಅವರಿಗೆ ಆಗಲೇ ರೂಢಿಯಾಯಿತು.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಪ್ಯಾಂಟನ್ನು ಇಸ್ತ್ರಿ ಮಾಡಿ ಎರಡೂ ಕೈಯಲ್ಲಿ ತಂದಳು. ಮುಖದ ತುಂಬ ಸಂತೋಷ.

"ಪುಟ್ಟೀ, ಆ ವಿಜಯವಾಡದ ಟೈಲರಮ್ಮ ನಿನ್ನ ಬಟ್ಟೆ ಪೂರ್ತಿ ಹಾಳು ಮಾಡಿದ್ಲು ಕಣೆ. ಹಿಂದೆ ಇಷ್ಟುದ್ದ, ಮುಂದೆ ಇಷ್ಟೇ ಇಷ್ಟು. ಪರ್ವಾಲೇದು, ನಿನ್ನೆ ನೀನು ಮಲಗಿದ್ದಾಗ ಇಲ್ಲೇ ಸೆಕ್ಟರ್ ಮಾರ್ಕೆಟ್‌ನಲ್ಲಿ ಕೊಟ್ಟು ಸರಿ ಮಾಡಿಸ್ಕೊಂಡು ಬಂದೆ. ಹಿಂದೆ ಕತ್ತರಿಸಿ, ಮುಂದೆ ಪಟ್ಟಿ ಕೊಡಿಸಿ ಸಮ ಮಾಡ್ಸಿದೀನಿ, ಹಿಂದೆ ಎರಡು ಜೇಬೂ ಇಡಿಸಿದೀನಿ."

ಜೇಬುಗಳಿಗೆ ಒಂದೊಂದು ಗುಂಡಿ ಇತ್ತು. ಗಟ್ಟಿ ಗುಂಡಿ.

ನಾನು ಕುರ್ಚಿ ತಳ್ಳಿಕೊಂಡು ಕೋಣೆಗೆ ಹೋಗಿ ಹಾಕಿಕೊಂಡು ಬಂದೆ. ಮುಂದೆ ಬಟ್ಟೆ ಹೊಟ್ಟೆಯ ಮೇಲೆ ಗೋಪುರವಾಯಿತು. ಹಿಂದೆ ಇಳಿಯಿತು. ಎಷ್ಟು ಇಳಿಯಿತೆಂದರೆ, ಫ್ಯಾನಿನ ಗಾಳಿ ಎಲ್ಲಿಗೆ ತಾಗಬಾರದೋ ಅಲ್ಲಿಗೆ ತಾಗಿತು. ಎರಡು ಗುಂಡಿಗಳು ಕೆಳಗಿನಿಂದ ತಮ್ಮ ಇರವನ್ನು ತಿಳಿಸಿದವು.

"ಅಕ್ಕ, ಅದು ಹಾಳಾಗಿರಲಿಲ್ಲ," ಎಂದೆ. "ಕೂತವರಿಗೆ ಹಾಗೇ ಹೊಲೀಬೇಕು."

"ಅಯ್ಯೋ, ಹೇಳೋದಲ್ವೇನೇ!"

"ನೀನು ಕೇಳ್ಬೇಕಾಗಿತ್ತು. ಹುಟ್ಟಿದಾಗಿನಿಂದ ನನ್ನನ್ನ ಸರಿ ಮಾಡಿಸ್ತಾನೇ ಇದೀಯ. ಒಂದ್ ಸಲ ಆದ್ರೂ ಕೇಳಿದೀಯಾ?"

ಪ್ಯಾಂಟಿನ ಬಗ್ಗೆ ಆಡಲು ಹೊರಟ ಮಾತು ಪ್ಯಾಂಟಿನಲ್ಲಿ ನಿಲ್ಲಲಿಲ್ಲ. ಅಕ್ಕನ ಮುಖ ನೋಡಿದಾಗ ಅದು ಎಲ್ಲಿಗೆ ಹೋಗಿ ತಾಗಿತೆಂದು ತಿಳಿಯಿತು. ಅವಳು ಅಡುಗೆಮನೆಗೆ ಹೋದಳು. ಭಾವ ಪೇಪರನ್ನು ಇನ್ನಷ್ಟು ಅಗಲವಾಗಿ ಬಿಡಿಸಿ ಅದರ ಹಿಂದೆ ಹೋದರು. ಅವರು ಓದುತ್ತಿದ್ದುದು ಟೆಂಡರು ಪ್ರಕಟಣೆಗಳ ಪುಟ. ಕಾಲು ಗಂಟೆ ಅದನ್ನೇ ಓದಿದರು.

ಕುಕ್ಕರು ಮೂರು ಸಲ ಕೂಗಿದ ಮೇಲೆ ಅಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಆ ಟೈಲರಮ್ಮನ ನಂಬರ್ ಕೊಡು."

ಜಗಳಕ್ಕೆ ಎಂದುಕೊಂಡೆ. ಕೊಟ್ಟೆ. ಅಕ್ಕ ಸ್ಪೀಕರ್ ಹಾಕಿ, ತಾನು ಯಾರು, ಏನು ಮಾಡಿಸಿದೆ ಎಂಬುದನ್ನೆಲ್ಲ ತನ್ನ ತುಮಕೂರಿನ ತೆಲುಗಿನಲ್ಲಿ ಹೇಳಿದಳು. ಆ ಕಡೆ ಓಡುತ್ತಿದ್ದ ಹೊಲಿಗೆ ಯಂತ್ರ ನಿಂತಿತು. ಸರಿ ಮಾಡಲು ಅಳತೆ ತೆಗೆದುಕೊಂಡಾಗ ಮೇಡಂ ನಿಂತಿದ್ದರೇ ಕೂತಿದ್ದರೇ ಎಂದು ದುರ್ಗಾ ತೆಲುಗಿನಲ್ಲಿ ಕೇಳಿದಳು.

ಅಕ್ಕ ನನ್ನನ್ನು ನೋಡಿದಳು. ಆಮೇಲೆ ಫೋನಿಗೆ, "ಹ್ಯಾಂಗರ್ ಮೀದ ಉಂದಂಡಿ," ಎಂದಳು. ಹ್ಯಾಂಗರಿನ ಮೇಲಿತ್ತು ಎಂದು.

ದುರ್ಗಾ ನಗಲಿಲ್ಲ, ಬೈಯಲೂ ಇಲ್ಲ. ಜೇಬು ಬಿಚ್ಚಿ, ಹಿಂದಿನ ಪಟ್ಟಿ ಬಿಚ್ಚಿ, ನಡುವೆ ಐದು ಬೆರಳಗಲದ ಬಟ್ಟೆ ಕೊಡಿ, ಪಕ್ಕಕ್ಕೆ ಬರುತ್ತ ಬರುತ್ತ ಸಣ್ಣ ಮಾಡಿ, ಮುಂದೆ ಇಳಿಸಿ, ಆದರೆ ಎಲ್ಲಕ್ಕೂ ಮೊದಲು ಕೂರಿಸಿಕೊಂಡು ಅಳೆಯಿರಿ ಎಂದಳು. ಅಕ್ಕ ಅಷ್ಟನ್ನೂ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು.

ಅಕ್ಕನಿಗೆ ಮಂಡಿನೋವು, ನೆಲದ ಮೇಲೆ ಕೂರುವ ಹಾಗಿಲ್ಲ. ಆದರೂ ನನ್ನ ಕುರ್ಚಿಯ ಹಿಂದೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಬಗ್ಗಿ ಟೇಪು ಹಿಡಿದಳು. ಒಮ್ಮೆ ಅಳೆದಳು, ನಂಬಿಕೆಯಾಗದೆ ಇನ್ನೊಮ್ಮೆ ಅಳೆದಳು. ಹತ್ತು ವರ್ಷ ನನ್ನನ್ನು ಹೊತ್ತವಳು. ನನ್ನ ತೂಕ ಅವಳಿಗೆ ಗೊತ್ತಿತ್ತು, ಅಳತೆ ಗೊತ್ತಿರಲಿಲ್ಲ.

"ನೋವಾಗತ್ತಾ?" ಎಂದು ಕೇಳಿದಳು.

"ಟೇಪಿಂದಾನಾ?"

"ಗುಂಡಿಯಿಂದ."

"ಆಗತ್ತೆ."

"ತೆಗೀತೀನಿ," ಎಂದಳು. ನಮ್ಮ ಮನೆತನದಲ್ಲಿ ಕ್ಷಮೆ ಕೇಳುವುದು ಇದಕ್ಕಿಂತ ಮುಂದೆ ಹೋದ ಉದಾಹರಣೆಯಿಲ್ಲ. ನಾನೂ, "ಹೇಳ್ಬೇಕಾಗಿತ್ತು ನಾನು," ಎಂದು ನನ್ನ ಪಾಲನ್ನು ಸಲ್ಲಿಸಿದೆ.

ಕತ್ತರಿಸಿದ ತುಂಡು ಮಾರ್ಕೆಟ್ಟಿನವನ ಬುಟ್ಟಿಯಲ್ಲಿ ಎಲ್ಲಿಗೋ ಹೋಗಿತ್ತು. ಅಕ್ಕ ಮಂಚದಡಿಯ ಟ್ರಂಕು ಎಳೆಸಿದಳು. ಅದರಲ್ಲಿ ಇಪ್ಪತ್ತೆಂಟು ವರ್ಷದ ರವಿಕೆ ಖಣಗಳಿದ್ದವು. ಟೌನ್‌ಶಿಪ್ಪಿನ ಯಾವ ಮನೆಗೆ ಹೋದರೂ ಕುಂಕುಮದ ಜೊತೆ ಒಂದು ಕೊಡುತ್ತಾರೆ. ಯಾರೂ ಹೊಲಿಸುವುದಿಲ್ಲ, ಬಂದದ್ದನ್ನು ಮುಂದಿನವರಿಗೆ ಕೊಟ್ಟು ಕಳಿಸುತ್ತಾರೆ. ಅಕ್ಕ ಮಾತ್ರ ಇಟ್ಟುಕೊಂಡಿದ್ದಳು. ಹಳದಿ ಖಣಗಳೇ ಏಳು ಸಿಕ್ಕವು. ಒಂದೊಂದನ್ನೂ ಕಿಟಕಿಯ ಬಳಿ ಒಯ್ದು ಪ್ಯಾಂಟಿನ ಪಕ್ಕ ಹಿಡಿದಳು. ಒಂದು ನಿಂಬೆಯಾಯಿತು, ಒಂದು ಅರಿಶಿನವಾಯಿತು, ಒಂದು ಹಳೆಯದಾಯಿತು.

"ಅಕ್ಕ, ಅದು ಬೆನ್ನ ಹಿಂದೆ ಹೋಗತ್ತೆ," ಎಂದೆ. "ಮೇಲೆ ಕುರ್ತಾ ಬೇರೆ. ಅದರ ಹಿಂದೆ ಕುರ್ಚಿ. ಯಾರು ನೋಡ್ತಾರೆ?"

"ಸುಮ್ನಿರು. ಹತ್ತಿರ ಹತ್ತಿರದ ಬಣ್ಣ ಹಾಕಿದ್ರೆ ತೇಪೆ ಹಾಕಿದ ಹಾಗಿರತ್ತೆ. ಬೇರೆದೇ ಹಾಕಿದ್ರೆ ಬೇಕಂತಲೇ ಹಾಕಿದ ಹಾಗೆ."

ಐವತ್ತಾರು ವರ್ಷದ ನನ್ನ ಅಕ್ಕನ ಬಾಯಲ್ಲಿ ಅಂಥ ಶಾಸ್ತ್ರವನ್ನು ನಾನು ಕೇಳಿದ್ದು ಅದೇ ಮೊದಲು. ಕೊನೆಗೆ ಅವಳು ಆರಿಸಿದ್ದು ಕುಂಕುಮ ಬಣ್ಣದ ಖಣ. ಅಂಚಿನಲ್ಲಿ ಸಾಲಾಗಿ ಪುಟ್ಟ ಆನೆಗಳು. ಊಟ ಬಿಟ್ಟು ಹೊಲಿದಳು. ಆನೆಗಳು ಎಡದಿಂದ ಬಲಕ್ಕೆ ಹೋಗಬೇಕೋ ಬಲದಿಂದ ಎಡಕ್ಕೋ ಎಂದು ಭಾವನನ್ನು ಕೇಳಿದಳು. ಭಾವ ಎಂಜಿನಿಯರು, ಎರಡು ಕಡೆಯಿಂದಲೂ ನೋಡಿ, ಕುರ್ಚಿ ಮುಂದಕ್ಕೆ ಹೋಗುವುದರಿಂದ ಆನೆಗಳು ಯಾವ ಕಡೆ ಹೋದರೂ ತೊಂದರೆಯಿಲ್ಲವೆಂದು ತೀರ್ಮಾನ ಕೊಟ್ಟರು.

ಸಂಜೆ ಬೀಚ್ ರಸ್ತೆಗೆ ಹೊರಟೆವು. ಪ್ಯಾಂಟು ಮತ್ತೆ ನನ್ನದಾಗಿತ್ತು. ಕಾಲುಹಾದಿಯ ಮೇಲೆ ಅಕ್ಕ ಹಿಂದಿನಿಂದ ಕುರ್ಚಿ ತಳ್ಳುತ್ತ ಬಂದಳು. ನಾನೇ ತಳ್ಳಿಕೊಳ್ಳುತ್ತೇನೆ ಎಂದರೆ, "ನಂಗೂ ಹಿಡ್ಕೊಳಕ್ಕೆ ಏನಾದ್ರೂ ಬೇಕಲ್ಲ, ಮಂಡಿ ನೋವು," ಎಂದಳು. ಹಾಗಾದರೆ ಸರಿಯೆಂದು ಒಪ್ಪಿದೆ. ಸಮುದ್ರ ತನ್ನ ಪಾಡಿಗೆ ತಾನಿತ್ತು. ಮುರಿ ಮಿಕ್ಸ್ಚರ್ ತಿಂದೆವು. ಪುರಿಗೆ ಈರುಳ್ಳಿ, ಖಾರ ಹಾಕಿ ಕಲಸುವ ಈ ತಿಂಡಿಯನ್ನು ಭಾವ ಎರಡು ಸಲ ತಿಂದರು. ಈ ಊರಿನ ಮಟ್ಟಿಗೆ ಅವರ ಅಭಿಪ್ರಾಯ ಅಷ್ಟೇ.

ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಫೋಟೋಗ್ರಾಫರು ಬಂದು, ತಕ್ಷಣ ಪ್ರಿಂಟ್ ಕೊಡುತ್ತೇನೆ ಎಂದ. ನಾವು ಸಮುದ್ರಕ್ಕೆ ಬೆನ್ನು ಹಾಕಿ ಸಾಲಾದೆವು. ಅವನು ಕ್ಯಾಮೆರಾ ಎತ್ತಿ, ನನ್ನನ್ನು ನೋಡಿ, ಎರಡು ಹೆಜ್ಜೆ ಹತ್ತಿರ ಬಂದು ತುಸು ಮೇಲಕ್ಕೆ ಗುರಿಯಿಟ್ಟ. ಪಾಪ, ಸಭ್ಯ ಮನುಷ್ಯ. ನನ್ನ ಬದುಕಿನ ಬಹುಪಾಲು ಫೋಟೋಗಳನ್ನು ಇಂಥ ಸಭ್ಯರೇ ತೆಗೆದಿದ್ದಾರೆ. ಅವುಗಳಲ್ಲಿ ನಾನು ಎದೆಯಿಂದ ಮೇಲಕ್ಕಷ್ಟೇ ಇದ್ದೇನೆ. ಮದುವೆ ಮನೆಗಳಲ್ಲಿ ಅಕ್ಕನೇ ಎಷ್ಟೋ ಸಲ ಫೋಟೋದವನ ಕಿವಿಯಲ್ಲಿ ಏನೋ ಹೇಳಿ ಬರುತ್ತಿದ್ದಳು.

"ಹಾಫ್ ಚಾಲಾ ಅಮ್ಮಾ?" ಎಂದು ಅವನು ಕೇಳಿದ. ಅರ್ಧ ಸಾಕೇ ಎಂದು.

ನಾನು ರೂಢಿಯಂತೆ ಸಾಕೆನ್ನಲು ಬಾಯಿ ತೆರೆದೆ.

"ಹಾಫ್ ಒದ್ದು!" ಎಂದಳು ಅಕ್ಕ ಹಿಂದಿನಿಂದ. ಬೇಡವೆಂದು ಅವಳು ಕೂಗಿದ್ದಕ್ಕೆ ಪಕ್ಕದ ಬಲೂನಿನವನೂ ತಿರುಗಿ ನೋಡಿದ. "ಫುಲ್ ತೀಯಂಡಿ. ಪ್ಯಾಂಟು ರಾವಾಲಿ." ಪೂರ್ತಿ ತೆಗೀರಿ, ಪ್ಯಾಂಟು ಬರಬೇಕು.

ಅವನು ಹಿಂದೆ ಹಿಂದೆ ಹೋಗಿ, ನಾವೆಲ್ಲ ಪೂರ್ತಿ ಹಿಡಿಸುವಷ್ಟು ದೂರ ನಿಂತು ತೆಗೆದ. ಪ್ರಿಂಟು ಕೈಗೆ ಬಂತು. ಅದರಲ್ಲಿ ಅಕ್ಕ ಕಣ್ಣು ಮುಚ್ಚಿಕೊಂಡಿದ್ದಾಳೆ. ಭಾವ ಯಾವುದೋ ಹಡಗನ್ನು ನೋಡುತ್ತಿದ್ದಾರೆ. ನನ್ನ ಬಾಯಿ ಅರ್ಧ ತೆರೆದಿದೆ. ಪ್ಯಾಂಟು ಮಾತ್ರ ಬಹಳ ಚೆನ್ನಾಗಿ ಬಂದಿದೆ.